ಬಿಚ್ಚಿ ಜೋಡಿಸುವ ಮೇಜಿಗೆ ಹಲಸಿನ ಹಲಗೆ: ಕುಂಬಳೆ ಕಡೆಯ ಒಂದು ಮರದ ಮಿಲ್ಲು

ಮರ ಸೀಳಿಕೊಡುವುದರಲ್ಲಿ ಈ ಮಿಲ್ಲಿಗೆ ಪೂರ್ತಿ ಅಂಕ. ‘ಒಣಗಿದ ಮರ’ ಎಂದು ಅವರು ಹೇಳುವ ಮಾತಿಗೆ ಮಾತ್ರ ಅರ್ಧ ಅಂಕವೂ ಸಲ್ಲದು. ಮಿಲ್ಲಿನ ಹೆಸರು ಬೇಡ, ಬೇರೆ ಕಡೆ ಮರ ಕೊಳ್ಳುವವರಿಗೂ ಕೆಳಗಿನ ಪರೀಕ್ಷೆಗಳೇ ಸಾಕು.

ಹಳೆಯ ಕಾಲದ ವೇಷ ತೊಟ್ಟು ಶಿಬಿರ ಹೂಡುವ ಹವ್ಯಾಸದವರು ಇಂಥ ಮೇಜು ಮಾಡುವ ಮೊದಲು ತಾವು ತೋರಿಸುವ ಕಾಲ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಬೇಕಲ ಕೋಟೆ ಕಟ್ಟಿಸಿದ ಕೆಳದಿ ಶಿವಪ್ಪನಾಯಕನ ಕಾಲದ ದೃಶ್ಯಕ್ಕೆ ಎತ್ತರದ ಮೇಜು ಹೊಂದುವುದಿಲ್ಲ. ಅಲ್ಲಿ ಮಣೆ, ಚಾಪೆ, ಬರೆಯುವ ಗಿಡ್ಡ ಪೆಟ್ಟಿಗೆ ಸಾಕು. 1799ರ ನಂತರದ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ಡೇರೆಯಾದರೆ ಮೇಜು ಬೇಕೇ ಬೇಕು. ಎರಡು ಕಾಲುಗೂಡು (ಪಾದ, ನಿಲುವು, ಮೇಲಿನ ತೋಳು ಸೇರಿದ ಚೌಕಟ್ಟು), ನಡುವೆ ಒಂದು ಅಡ್ಡಪಟ್ಟಿ, ಬಿಗಿಯಲು ಬೆಣೆ. ಯುರೋಪಿನಲ್ಲಿ ಶತಮಾನಗಳಿಂದ ಇದ್ದ ಈ ಕ್ರಮದಲ್ಲಿ ಅಂಟಿಲ್ಲ, ಕಬ್ಬಿಣದ ಮೊಳೆಯಿಲ್ಲ, ಜೀಪಿನ ಹಿಂದೆ ಬಿಡಿಬಿಡಿಯಾಗಿ ಹಾಕಬಹುದು. ಅವರಲ್ಲಿ ಓಕ್ ಮರ, ಇಲ್ಲಿಯ ಆಚಾರಿ ಮಾಡಿಕೊಟ್ಟದ್ದೆಂದರೆ ಹಲಸೇ ಸರಿ.

ಮಿಲ್ಲಿಗೆ ಅಳತೆಯ ಪಟ್ಟಿಯನ್ನು ಇಂಚಿನಲ್ಲಿ ಬರೆದು ಕೊಡಿ, ಬಾಯಿಮಾತು ಬೇಡ. ಐದಡಿ ಉದ್ದ, ಎರಡೂವರೆ ಅಡಿಗೆ ತುಸು ಕಡಿಮೆ ಅಗಲದ ಮೇಜಿಗೆ: ಮೇಲಿನ ಹಲಗೆ 3, ಒಂದೊಂದೂ ಒಂದೂಕಾಲು ಇಂಚು ದಪ್ಪ, 10 ಇಂಚು ಅಗಲ. ನಿಲುವು ಹಲಗೆ 2, ಒಂದೂವರೆ ಇಂಚು ದಪ್ಪ, 8 ಇಂಚು ಅಗಲ. ನೆಲಕ್ಕೆ ಕೂರುವ ಪಾದ 2, ಮೂರಕ್ಕೆ ಮೂರು ಇಂಚು. ಮೇಲಿನ ಅಡ್ಡತೋಳು 2, ಮೂರಕ್ಕೆ ಎರಡು. ನಾಲ್ಕಡಿಯ ಅಡ್ಡಪಟ್ಟಿ ಒಂದು, ಮೇಲ್ಹಲಗೆಯ ಅಡಿಗೆ ಪಟ್ಟಿ ಎರಡು. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಎಲ್ಲ ಸೇರಿ ಸುಮಾರು ಎರಡೂವರೆ, ಹಾಳಾಗುವುದನ್ನೂ ಲೆಕ್ಕ ಹಿಡಿದು ಮೂರು ಘನ ಅಡಿ ಕೊಳ್ಳಿ.

ಇಲ್ಲಿ ಮಿಲ್ಲಿನವರನ್ನು ಮೆಚ್ಚಲೇಬೇಕು. ದಿಮ್ಮಿಯನ್ನು ಎದುರಿಗೇ ಸೀಳುತ್ತಾರೆ, ಬೇಡದ ಹಲಗೆಯನ್ನು ಬದಿಗಿಡಲು ಬಿಡುತ್ತಾರೆ, ಮುಖ ಗಂಟುಹಾಕುವುದಿಲ್ಲ. ದಿಮ್ಮಿಯ ನಟ್ಟನಡುವಿನ ತಿರುಳು ಯಾವ ಹಲಗೆಯಲ್ಲೂ ಉಳಿಯಬಾರದು, ಅದಿದ್ದ ಹಲಗೆ ಉದ್ದಕ್ಕೂ ಸೀಳುತ್ತದೆ. ಅಂಚಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುವುದು ಖಂಡಿತ. ‘ಔಷಧಿ ಹಚ್ಚಿದರೆ ಆಯಿತು’ ಎಂಬ ಸಮಾಧಾನ ಕೇಳಬೇಡಿ, ಕತ್ತರಿಸಿ ತೆಗೆಸಿ. ಅವರಲ್ಲಿ ಬ್ಯಾಂಡ್ ಸಾ ಇರುವುದು ಇನ್ನೊಂದು ಅನುಕೂಲ. ಅದರ ಗೆರೆಗಳು ನೇರ, ಹಳೆಯ ಕೈಗರಗಸದ ಗೆರೆಗೆ ಹತ್ತಿರ. ದುಂಡು ಗರಗಸದ ಬಿಲ್ಲಿನಂತಹ ಗೆರೆ ಮೇಜಿನ ಅಡಿಯಲ್ಲಿ ಉಳಿದರೆ, ತಿಳಿದವರು ಬಗ್ಗಿ ನೋಡಿದೊಡನೆ ನಗುತ್ತಾರೆ. ಅದೇ ಕಾರಣಕ್ಕೆ ಅವರ ಪ್ಲೇನರ್ ಮೆಷಿನಿಗೆ ಕೊಡಬೇಡಿ, ಅದು ಅಡ್ಡಡ್ಡ ಸಣ್ಣ ಅಲೆಗಳನ್ನು ಬಿಡುತ್ತದೆ. ಕೀಸುಳಿಯಿಂದ ಮೊದಲು ಓರೆಯಾಗಿ, ಆಮೇಲೆ ಎಳೆಯ ಉದ್ದಕ್ಕೆ ಹೆರೆಯಿರಿ. ಅಡಿಭಾಗವನ್ನು ಒರಟಾಗಿಯೇ ಬಿಡಬಹುದು.

ಇನ್ನು ಒಣಗುವ ವಿಚಾರ. ‘ಎರಡು ವರ್ಷದ ಹಳೆ ಮರ’ ಎಂದರೆ ದಿಮ್ಮಿಯಾಗಿ ಎರಡು ವರ್ಷ ಬಿದ್ದಿತ್ತು ಎಂದಷ್ಟೇ. ದಿಮ್ಮಿಯ ಒಳಗು ಒಣಗುವುದಿಲ್ಲ, ಸೀಳಿದ ಮೇಲೆಯೇ ಲೆಕ್ಕ ಶುರು. ಅಂದಾಜು ಹೇಳುವುದಾದರೆ ಇಂಚಿಗೆ ಒಂದು ವರ್ಷ, ಅದರಲ್ಲಿ ನಮ್ಮ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕಿಲ್ಲ. ತಂದ ದಿನವೇ ಹಲಗೆಯ ಎರಡೂ ತುದಿಗೆ ಮೇಣವನ್ನೋ ಹಳೆ ಪೈಂಟನ್ನೋ ಬಳಿಯಿರಿ, ಇಲ್ಲವಾದರೆ ತುದಿ ಬೇಗ ಒಣಗಿ ಬಿರಿಯುತ್ತದೆ. ಗಾಳಿಯಾಡುವ, ಬಿಸಿಲು ಬೀಳದ ಜಗಲಿಯಲ್ಲಿ ಒಂದೂವರೆ ಅಡಿಗೊಂದರಂತೆ ಇಂಚು ದಪ್ಪದ ರೀಪು ಇಟ್ಟು ಪೇರಿಸಿ. ರೀಪುಗಳು ಒಂದರ ಮೇಲೊಂದು ನೇರ ಕೂರಬೇಕು, ತಪ್ಪಿದರೆ ಹಲಗೆ ಅಲ್ಲೇ ಬಾಗುತ್ತದೆ. ಮೇಲೆ ಕೆಂಪುಕಲ್ಲು ಹೇರಿ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗುತ್ತಿರಿ. ಬೇಸಗೆಯಲ್ಲೂ ತೂಕ ಇಳಿಯುವುದು ನಿಂತಾಗ ಉಳಿ ಹಿಡಿಯಬಹುದು. ಹಸಿ ಹಲಗೆ ಒಣಗುವಾಗ ಹತ್ತಿಂಚಿಗೆ ಕಾಲಿಂಚಿನಷ್ಟು ಕುಗ್ಗೀತು. ಮೂರು ಹಲಗೆ ಜೋಡಿಸಿದ ಮೇಲೆ ಇದು ಆದರೆ ನಡುವೆ ಕಾಲಿಂಚಿನ ಸಂದು ಬೀಳುತ್ತದೆ.

ಅದಕ್ಕಾಗಿಯೇ ಮೇಲ್ಹಲಗೆಗೆ ಅಂಟು ಬೇಡ. ಅಡಿಯ ಎರಡು ಪಟ್ಟಿಗಳಿಗೆ ಬಿದಿರಿನ ಮೊಳೆ ಹೊಡೆದು ಹಿಡಿಸಿ. ಪ್ರತಿ ಹಲಗೆಯ ನಡುವಿನ ಮೊಳೆ ಬಿಗಿ, ಅಂಚಿನವುಗಳ ತೂತು ಪಟ್ಟಿಯಲ್ಲಿ ಹಲಗೆಯ ಅಗಲದ ದಿಕ್ಕಿಗೆ ತುಸು ಉದ್ದ. ಪಟ್ಟಿಗಳು ಕಾಲುಗೂಡಿನ ತೋಳುಗಳ ಒಳಮಗ್ಗುಲಿಗೆ ತಾಗುವಂತಿದ್ದರೆ ಹಲಗೆ ಜಾರುವುದಿಲ್ಲ.

ಹೆಚ್ಚಿನವರು ಸೋಲುವುದು ಬೆಣೆಯಲ್ಲಿ. ಅಡ್ಡಪಟ್ಟಿಯ ನಾಲಗೆ, ಅಂದರೆ ತೆಳುಮಾಡಿದ ತುದಿ, ನಿಲುವು ಹಲಗೆಯನ್ನು ತೂರಿ ಆಚೆ ನಾಲ್ಕಿಂಚು ಹೊರಬರಬೇಕು. ನಾಲಗೆಯಲ್ಲಿ ಕೊರೆಯುವ ಬೆಣೆಯ ತೂತು ನಿಲುವಿನ ಹೊರಮುಖದಿಂದ ಶುರುವಾಗಬಾರದು, ಮುಖಕ್ಕಿಂತ ಇಂಚಿನ ಎಂಟರಲ್ಲೊಂದು ಭಾಗ ಒಳಗಿನಿಂದಲೇ ಶುರುವಾಗಬೇಕು. ಆಗಷ್ಟೇ ಬೆಣೆ ನಿಲುವನ್ನು ಒತ್ತಿ ಎಳೆಯುತ್ತದೆ. ಸರಿಯಾಗಿ ಮುಖಕ್ಕೇ ತೂತು ಕೊರೆದರೆ ಬೆಣೆ ನಾಲಗೆಯ ಮರಕ್ಕೇ ಕಚ್ಚಿ ನಿಲ್ಲುತ್ತದೆ, ಎಷ್ಟು ಕೊಡತಿ ಬಡಿದರೂ ಮೇಜು ತೂಗಾಡುತ್ತದೆ. ತೂತಿನಾಚೆ ಎರಡು ಇಂಚಾದರೂ ಮರ ಉಳಿಸಿ, ಇಲ್ಲವಾದರೆ ತುದಿ ಕಿತ್ತು ಬರುತ್ತದೆ. ಬೆಣೆಗೆ ಹುಣಸೆ ಮರ ಉತ್ತಮ. ಓರೆ ಆರಿಂಚು ಉದ್ದಕ್ಕೆ ಒಂದಿಂಚಿಗಿಂತ ಹೆಚ್ಚು ಬೇಡ, ಕಡಿದಾದರೆ ತಾನೇ ಸಡಿಲಗೊಳ್ಳುತ್ತದೆ.

ಬಣ್ಣದ ಗೊಡವೆ ಬೇಡ, ಹಲಸಿನ ಹಳದಿ ಬೆಳಕು ಕಂಡಂತೆ ಕಂದು ತಿರುಗುತ್ತದೆ. ಅಗಸೆಯೆಣ್ಣೆಯನ್ನು ತೆಳುವಾಗಿ ಮೂರು ಸಲ ಹಚ್ಚಿದರೆ ಸಾಕು. ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು, ಬಿಡಿಸಿ ಒಣಗಿಸಿ. ಗೇರುಬೀಜದ ಸಿಪ್ಪೆಯ ಎಣ್ಣೆ ಪಾದದ ಅಡಿಗೆ ಗೆದ್ದಲು ತಡೆಯಲು ಒಳ್ಳೆಯದು, ಕೈ ಸುಡುವುದರಿಂದ ಮೇಲ್ಹಲಗೆಗೆ ಮಾತ್ರ ಬೇಡ.

ಮುಗಿದ ಮೇಜಿನ ತೂಕ ಮೂವತ್ತೈದು ಕಿಲೊ ಆಸುಪಾಸು, ಅದರಲ್ಲಿ ಮೇಲ್ಹಲಗೆಯೇ ಅರ್ಧ. ಇಬ್ಬರಿದ್ದರೆ ಹೊರಬಹುದು. ತಲಪಾಡಿಯ ರಾಜ್ಯ ಗಡಿ ದಾಟಿಸಿ ಮಂಗಳೂರಿನ ಕಡೆಗೆ ಹಲಗೆ ಒಯ್ಯುವವರು ಮರದ ಜಾತಿ, ಅಳತೆ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೇಳದಿದ್ದರೆ ಈ ಮಿಲ್ಲಿನವರು ಬರಿ ಮೊತ್ತ ಬರೆದ ಚೀಟಿ ಕೊಟ್ಟು ಕಳಿಸುತ್ತಾರೆ.