ಐವತ್ತೆರಡರಲ್ಲಿ ಜಾಝ್ ಗಿಟಾರ್: ನಾನು ನಡೆದು ನೋಡಿದ ಮೂರು ದಾರಿಗಳು

ಹಾಸನದ ಗಣೇಶ ಪೆಂಡಾಲುಗಳಲ್ಲಿಯೂ ಆರತಕ್ಷತೆಗಳಲ್ಲಿಯೂ ಇಪ್ಪತ್ತಾರು ವರ್ಷ ಆರ್ಕೆಸ್ಟ್ರಾ ಗಿಟಾರ್ ನುಡಿಸಿದ ನಾನು ಜಾಝ್ ಕಲಿಯಲು ಕುಳಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಚಿತ್ರಗೀತೆಯ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಕೇಳಿದೊಡನೆ ಹಿಡಿಯುವ ಕಿವಿಯೂ, ಪಲ್ಲವಿ ಚರಣಗಳ ನಡುವಿನ ಬಿಟ್ಟುಗಳನ್ನು, ಅಂದರೆ ವಾದ್ಯದ ತುಣುಕುಗಳನ್ನು, ತಪ್ಪದೆ ನುಡಿಸುವ ಕೈಯೂ ಇದ್ದುದರಿಂದ ಆರು ತಿಂಗಳಲ್ಲಿ ಒಂದು ಹದಕ್ಕೆ ಬರಬಹುದೆಂದು ಎಣಿಸಿದ್ದೆ. ಈಗ ಎರಡು ವರ್ಷವಾಗಿದೆ. ಈ ಅವಧಿಯಲ್ಲಿ ಮೂರು ಕ್ರಮಗಳನ್ನು, ಒಂದೊಂದನ್ನೂ ಏಳೆಂಟು ತಿಂಗಳಂತೆ, ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿದ್ದೇನೆ. ಕಾರ್ಡಿಗೊಂದು ಸ್ಕೇಲ್ (ಸ್ವರಶ್ರೇಣಿ) ನುಡಿಸುವುದು ಮೊದಲನೆಯದು. ಧ್ವನಿಮುದ್ರಿಕೆ ಕೇಳಿ ಸೋಲೋವನ್ನು (ವಾದಕನೊಬ್ಬನೇ ಮುಂದಾಗಿ ನುಡಿಸುವ ಭಾಗವನ್ನು) ಹಾಗೇ ಕೈಗೆ ಇಳಿಸಿಕೊಳ್ಳುವುದು ಎರಡನೆಯದು. ಕಾರ್ಡಿನ ಆಧಾರ ಸ್ವರದಿಂದ ಎಣಿಸಿದರೆ ಬರುವ ಮೂರನೆಯ ಮತ್ತು ಏಳನೆಯ ಸ್ವರಗಳನ್ನಷ್ಟೇ ಹಿಡಿದು ಹಾಡಿನುದ್ದಕ್ಕೂ ಸಾಗುವುದು ಮೂರನೆಯದು.

ಸ್ಕೇಲಿನ ಕ್ರಮವನ್ನು ಮೊದಲು ಆರಿಸಿಕೊಂಡದ್ದು ಅದು ಪರಿಚಿತವೆನಿಸಿದ್ದರಿಂದ. ಸ್ವರಗಳ ಲೆಕ್ಕದಲ್ಲಿ ಡೋರಿಯನ್ ಎಂಬ ಸ್ಕೇಲ್ ಎಂದರೆ ನಮ್ಮ ಖರಹರಪ್ರಿಯ ರಾಗ, ಮಿಕ್ಸೊಲಿಡಿಯನ್ ಎಂದರೆ ಹರಿಕಾಂಭೋಜಿ, ಲಿಡಿಯನ್ ಎಂದರೆ ಮೇಚಕಲ್ಯಾಣಿ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ 'ಸೋ ವಾಟ್' ಈ ಕ್ರಮಕ್ಕೆ ಹೇಳಿ ಮಾಡಿಸಿದಂತಿದೆ: ಹದಿನಾರು ಬಾರ್ (ತಾಳದ ಆವರ್ತ) ಡಿ ಸ್ವರದಿಂದ ಹೊರಡುವ ಡೋರಿಯನ್, ಎಂಟು ಬಾರ್ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಬಾರ್ ಡಿ. ಮೂರೇ ವಾರದಲ್ಲಿ ನಾನು ಅದರ ಮೇಲೆ ನಿರಾಯಾಸವಾಗಿ ಓಡಾಡತೊಡಗಿದೆ. ನೆರೆಮನೆಯ ಪಿಟೀಲು ಮೇಷ್ಟ್ರು ಕೇಳಿ, "ಖರಹರಪ್ರಿಯದ ಆಲಾಪನೆ ಚೆನ್ನಾಗಿ ಕೂತಿದೆ ಕಣ್ರೀ" ಎಂದರು. ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ ನಾನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿದಾಗ ಅವರ ಮಾತು ಅಕ್ಷರಶಃ ನಿಜವೆಂದು ಅರಿವಾಯಿತು. ತಂತಿ ಎಳೆದು ಗಮಕ ಹಾಕಿದ್ದೆ, ಪ್ರತಿ ಸಂಚಾರವನ್ನೂ ಷಡ್ಜಕ್ಕೆ ತಂದು ನಿಲ್ಲಿಸಿದ್ದೆ, ಜಾಝಿನ ಸುಳಿವು ಎಲ್ಲಿಯೂ ಇರಲಿಲ್ಲ. ಇನ್ನು ಬಾರಿಗೊಂದು ಕಾರ್ಡ್ ಬದಲಾಗುವ ಹಾಡುಗಳಲ್ಲಂತೂ ಈ ಕ್ರಮ ಪೂರ್ತಿ ಕೈಕೊಟ್ಟಿತು. ನಿಮಿಷಕ್ಕೆ 140 ಬೀಟುಗಳ (ತಾಳದ ಎಣಿಕೆಗಳ) ವೇಗದಲ್ಲಿ ನಾಲ್ಕು ಬೀಟಿನ ಒಂದು ಬಾರ್ ಎರಡು ಸೆಕೆಂಡಿಗೂ ಮೊದಲೇ ಮುಗಿಯುತ್ತದೆ. ನನ್ನ ವಯಸ್ಸಿನ ತಲೆಗೆ ಸ್ಕೇಲಿನ ಹೆಸರು ಹೊಳೆಯುವುದಕ್ಕೇ ಅಷ್ಟು ಹೊತ್ತು ಬೇಕು.

ಎರಡನೆಯದಾದ ಕಿವಿಯ ಕ್ರಮಕ್ಕೆ ದೊಡ್ಡ ಪರಂಪರೆಯಿದೆ. 1939ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ನನ ತಂಡ ಸೇರಿ, 1942ರಲ್ಲಿ ಇಪ್ಪತ್ತೈದನೆಯ ವಯಸ್ಸಿಗೇ ತೀರಿಕೊಂಡ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ನನ ಸೋಲೋಗಳನ್ನು ರೆಕಾರ್ಡುಗಳಿಂದ ಕಲಿತೇ ವೆಸ್ ಮಾಂಟ್ಗಮರಿ ಗಿಟಾರ್ ವಾದಕನಾದ. ಅವನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆರ್ಕೆಸ್ಟ್ರಾದವರೂ ಹೀಗೇ ಕಲಿತವರಲ್ಲವೇ ಎಂಬ ಧೈರ್ಯದಿಂದ, 'ಸೋ ವಾಟ್'ನಲ್ಲಿ ಮೈಲ್ಸ್ ನುಡಿಸಿರುವ ಅರುವತ್ತನಾಲ್ಕು ಬಾರುಗಳ ಸೋಲೋವನ್ನು ವೇಗ ಅರ್ಧಕ್ಕಿಳಿಸಿ ಇಳಿಸಿಕೊಂಡೆ. ಎರಡೂವರೆ ತಿಂಗಳು ಹಿಡಿಯಿತು. ಸ್ವರಗಳು ಬೇಗ ಸಿಕ್ಕಿದವು, ಅವು ಕೂರುವ ಜಾಗ ಸಿಗಲಿಲ್ಲ. ಒಂದು ಮತ್ತು ಮೂರನೆಯ ಬೀಟಿಗೆ ಒತ್ತು ಹಾಕಿ ಪಳಗಿದ ನನ್ನ ಕೈ, ಟಿಕ್ ಟಿಕ್ ಎಂದು ಲಯ ಹೇಳುವ ಮೆಟ್ರೊನೋಮನ್ನು ಅರ್ಧ ವೇಗಕ್ಕಿಟ್ಟು ಅದರ ಟಿಕ್ಕನ್ನು ಎರಡು ಮತ್ತು ನಾಲ್ಕನೆಯ ಬೀಟೆಂದು ಎಣಿಸುವಾಗ ಮೊದಮೊದಲು ನಾಲ್ಕು ಬಾರಿನೊಳಗೇ ಜಾರಿ ಹಳೆಯ ಜಾಗಕ್ಕೆ ಮರಳುತ್ತಿತ್ತು. ಆ ಜಾರುವಿಕೆಯನ್ನು ತಿದ್ದಿದ್ದು ಈ ಕ್ರಮವೇ, ಉಳಿದ ಎರಡರಿಂದ ಅದು ಆಗಲಿಲ್ಲ. ಆದರೆ ಇಳಿಸಿಕೊಂಡ ಸೋಲೋ ಬೇರೆ ಹಾಡಿನಲ್ಲಿ ಕೈಗೆ ಬರಲೊಲ್ಲದು. ಬದುಕಿಡೀ ಬೇರೆಯವರ ಬಿಟ್ಟುಗಳನ್ನು ಒಪ್ಪಿಸಿದವನಿಗೆ ಅದು ಇನ್ನೊಂದು ಬಿಟ್ಟಾಯಿತು, ಅಷ್ಟೇ.

ಮೂರನೆಯ ಕ್ರಮವನ್ನು ನಾನು ಕೊನೆಗೆ ಉಳಿಸಿಕೊಂಡದ್ದು ತಪ್ಪಾಯಿತು. ಜೋಸೆಫ್ ಕೋಸ್ಮಾ 1945ರಲ್ಲಿ ಸಂಯೋಜಿಸಿದ, 'ಆಟಮ್ ಲೀವ್ಸ್' ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಹಾಡನ್ನು ಜಿ ಮೈನರ್‌ನಲ್ಲಿ ತೆಗೆದುಕೊಂಡರೆ ಮೊದಲ ಮೂರು ಕಾರ್ಡುಗಳು ಸಿ ಮೈನರ್ ಸೆವೆನ್, ಎಫ್ ಸೆವೆನ್, ಬಿ ಫ್ಲ್ಯಾಟ್ ಮೇಜರ್ ಸೆವೆನ್. ಆಧಾರ ಸ್ವರವನ್ನು ಐದನೆಯ ಅಥವಾ ಆರನೆಯ ತಂತಿಗೆ ಬಿಟ್ಟು, ನಾಲ್ಕು ಮತ್ತು ಮೂರನೆಯ ತಂತಿಗಳನ್ನು ಮಾತ್ರ ಗಮನಿಸಬೇಕು. ಮೊದಲ ಕಾರ್ಡಿಗೆ ನಾಲ್ಕನೆಯ ತಂತಿಯಲ್ಲಿ ಒಂದನೆಯ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ಮನೆ), ಮೂರನೆಯ ತಂತಿಯಲ್ಲಿ ಮೂರನೆಯ ಫ್ರೆಟ್. ಎರಡನೆಯ ಕಾರ್ಡಿಗೆ ನಾಲ್ಕನೆಯ ತಂತಿ ಇದ್ದಲ್ಲೇ ಇರುತ್ತದೆ, ಮೂರನೆಯದು ಒಂದು ಫ್ರೆಟ್ ಇಳಿಯುತ್ತದೆ. ಮೂರನೆಯ ಕಾರ್ಡಿಗೆ ಮೂರನೆಯ ತಂತಿ ನಿಲ್ಲುತ್ತದೆ, ನಾಲ್ಕನೆಯದು ಇಳಿದು ಖಾಲಿ ತಂತಿಯಾಗುತ್ತದೆ. ಆರೂ ತಂತಿಗಳನ್ನು ತೋರುಬೆರಳು ಅಡ್ಡ ಹಾಕಿ ಹಿಡಿಯುವ ಬಾರ್ ಕಾರ್ಡಿನಲ್ಲಿ ಅದುಮಿ ಬೆರಳ ಗೆಣ್ಣು ನೋಯಿಸಿಕೊಂಡ ನನಗೆ, ಇಷ್ಟು ದೊಡ್ಡ ಬದಲಾವಣೆ ಒಂದೇ ಬೆರಳಿನ ಒಂದೇ ಫ್ರೆಟ್ಟಿನಲ್ಲಿ ನಡೆಯುತ್ತದೆಂಬುದು ನಂಬಲಾಗದ ಸಂಗತಿಯಾಗಿತ್ತು. ಪಿಯಾನೊ ವಾದಕ ಕೌಂಟ್ ಬೇಸಿಯ ತಂಡದಲ್ಲಿ 1937ರಿಂದ ಸುಮಾರು ಐವತ್ತು ವರ್ಷ ರಿದಮ್ ನುಡಿಸಿದ ಫ್ರೆಡ್ಡಿ ಗ್ರೀನ್ ಇಂಥ ಕೆಲವೇ ಸ್ವರಗಳಿಂದ ಇಡೀ ವಾದ್ಯವೃಂದವನ್ನು ನಡೆಸಿದವನು.

ಈ ಕ್ರಮದಿಂದ ಹಾಡೇ ಬೇರೆಯಾಗಿ ಕೇಳತೊಡಗಿತು. ಆಧಾರ ಸ್ವರವನ್ನು ಷಡ್ಜವೆಂದು ಭಾವಿಸಿದರೆ, ಈ ಹಾಡಿನ ಮೊದಲ ಭಾಗದಲ್ಲಿ ದೀರ್ಘವಾಗಿ ನಿಲ್ಲುವ ಸ್ವರಗಳು, ಅಂದರೆ ಇ ಫ್ಲ್ಯಾಟ್, ಡಿ, ಸಿ, ಬಿ ಫ್ಲ್ಯಾಟ್, ಆಯಾ ಕಾರ್ಡಿನ ಗಾಂಧಾರಗಳೇ, ಅಂದರೆ ಮೂರನೆಯ ಸ್ವರಗಳೇ. ಎಲ್ಲಿ ನಿಲ್ಲಬೇಕೆಂದು ಕೋಸ್ಮಾ ತಾನೇ ತೋರಿಸಿಕೊಟ್ಟಿದ್ದಾನೆ. ಆ ನಿಲ್ದಾಣಗಳನ್ನು ಇಟ್ಟುಕೊಂಡು ನಡುವೆ ಎರಡು ಮೂರು ಸ್ವರ ಸೇರಿಸಿದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ತಿಳಿಯುತ್ತದೆ; ಖರಹರಪ್ರಿಯದಲ್ಲಿ ಗಂಟೆಗಟ್ಟಲೆ ಓಡಾಡಿದರೂ ನನಗೆ ಅದು ಸಾಧಿಸಿರಲಿಲ್ಲ.

ತಂತಿಯ ವಿಷಯದಲ್ಲಿ ಒಂದು ಮಾತು ಸಾಕು: ಹನ್ನೆರಡರ ದಪ್ಪದ, ಮೇಲ್ಮೈ ನುಣುಪಾದ ಫ್ಲ್ಯಾಟ್‌ವೂಂಡ್ ತಂತಿ ಹಾಕಿ ನಾದ ಗಟ್ಟಿಯಾಯಿತಾದರೂ ಬೆರಳು ತಾಳಲಿಲ್ಲ, ಅದಕ್ಕಿಂತ ತೆಳುವಾದ ಹನ್ನೊಂದಕ್ಕೆ ಇಳಿದಿದ್ದೇನೆ.

ಬೇರೆ ಶೈಲಿಯಿಂದ ತಡವಾಗಿ ಬರುವವರು ಮೂರನೆಯದರಿಂದ ಆರಂಭಿಸಿ, ಮೊದಲ ತಿಂಗಳಿನಿಂದಲೇ ಎರಡನೆಯದನ್ನು ಜೊತೆಗಿಟ್ಟುಕೊಂಡು, ಸ್ಕೇಲುಗಳನ್ನು ವರ್ಷದ ಮಟ್ಟಿಗೆ ಮುಟ್ಟದಿರುವುದು ಲೇಸೆಂದು ನನ್ನ ಅಭಿಪ್ರಾಯ. ಹಾಗೆಂದು ಮೂರನೆಯದು ಎಲ್ಲ ಕಡೆಯೂ ಸಾಲುವುದಿಲ್ಲ. 'ಆಟಮ್ ಲೀವ್ಸ್' ಮುಗಿಯುವ ಮುನ್ನ ಎರಡು ಬಾರಿನಲ್ಲಿ ನಾಲ್ಕು ಕಾರ್ಡುಗಳು ಸರಸರನೆ ಇಳಿಯುವ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ನಾನು ಈಗಲೂ ಕೈ ನಿಲ್ಲಿಸಿ, ಮುಂದಿನ ಬಾರಿನಲ್ಲಿ ಬಂದು ಸೇರಿಕೊಳ್ಳುತ್ತೇನೆ.