ಗ್ಲುಟೆನ್ ಇಲ್ಲದ ಖಾರ ಬ್ರೆಡ್: ಜೋಳವೋ, ಅಕ್ಕಿಯೋ, ಕಡ್ಲೆಹಿಟ್ಟೋ?

ಗೋಧಿಯಲ್ಲಿರುವ ಅಂಟು ಪ್ರೋಟೀನ್ ಗ್ಲುಟೆನ್. ಅದಿಲ್ಲದೆ ಮಾಡುವ ಪಿಕ್ನಿಕ್ ಬುತ್ತಿಯ ಬ್ರೆಡ್ಡಿಗೆ ಓವನ್‌ನಿಂದ ತೆಗೆದ ಹೊತ್ತಿನ ರುಚಿ ಲೆಕ್ಕಕ್ಕಿಲ್ಲ. ಏಪ್ರಿಲ್ ಬಿಸಿಲಲ್ಲಿ ನಾಲ್ಕೈದು ಗಂಟೆ ಡಬ್ಬಿಯಲ್ಲಿದ್ದ ಮೇಲೂ ಚಟ್ನಿ ಸವರಲು ಬರುತ್ತದೆಯೇ ಅನ್ನುವುದೇ ಪರೀಕ್ಷೆ.

ಅಕ್ಕಿಹಿಟ್ಟು ಇಲ್ಲಿ ಮೊದಲೇ ಸೋಲುತ್ತದೆ. ಬಿಸಿಯಿದ್ದಾಗ ಬೆಳ್ಳಗೆ, ಮೆತ್ತಗೆ. ಆರುತ್ತಲೇ ಪಿಷ್ಟ ಬಿಗಿದು ಚಾಕು ತಾಗಿದರೆ ಪುಡಿಪುಡಿ. ರಾಗಿಯ ಘಮ ಚೆನ್ನ, ಆದರೆ ಹಿಟ್ಟಿನ ಮೂರನೇ ಒಂದು ಪಾಲು ದಾಟಿದರೆ ಬ್ರೆಡ್ ಇಟ್ಟಿಗೆ.

ಹೋಳು ಮಾಡಿ ಸ್ಯಾಂಡ್‌ವಿಚ್ ಕಟ್ಟುವುದಾದರೆ ನಮ್ಮ ಆಯ್ಕೆ ಜೋಳ. 8x4 ಇಂಚಿನ ಟಿನ್ನಿಗೆ ಜೋಳದ ಹಿಟ್ಟು 200 ಗ್ರಾಂ, ಕಾರ್ನ್‌ಫ್ಲೋರ್ 100, ಅಕ್ಕಿಹಿಟ್ಟು 50, ಇನ್‌ಸ್ಟಂಟ್ ಯೀಸ್ಟ್ 6, ಸಕ್ಕರೆ 10, ಉಪ್ಪು 7, ಎಣ್ಣೆ 25 ಮಿಲಿ. ಅಂಟಿನ ಕೆಲಸಕ್ಕೆ ಇಸಬ್‌ಗೋಲ್ 18 ಗ್ರಾಂ. ಅದನ್ನು ಒಣ ಹಿಟ್ಟಿಗೆ ಹಾಕಬೇಡಿ, ಗಂಟು ಕಟ್ಟುತ್ತದೆ. 380 ಮಿಲಿ ಉಗುರುಬೆಚ್ಚಗಿನ ನೀರಿಗೆ ಉದುರಿಸಿ ಕಲಕಿ ಐದು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಗ್ಲುಟೆನ್ ಇಲ್ಲದಿರುವಾಗ ಯೀಸ್ಟಿನ ಗಾಳಿಯನ್ನು ಹಿಡಿದಿಡುವುದು ಈ ಲೋಳೆಯೇ. ಕ್ಸಾಂಥನ್ ಗಮ್ ಎಂಬ ಅಂಟುಪುಡಿ ಕೂಡ ಹಿಡಿಯುತ್ತದೆ, ಆದರೆ ಚಮಚ ಸ್ವಲ್ಪ ತುಂಬಿದರೂ ಒಳಗೆ ರಬ್ಬರಿನ ಹಾಗೆ ಜಗಿಯುತ್ತದೆ.

ನಾದಿದ ಮುದ್ದೆ ಕೈಗೆ ಅಂಟಿಕೊಳ್ಳುವಷ್ಟು ಮೆತ್ತಗಿರಬೇಕು. ಚಪಾತಿ ಹಿಟ್ಟಿನ ಹದಕ್ಕೆ ತರಲು ಹಿಟ್ಟು ಉದುರಿಸುತ್ತಾ ಹೋದವರಿಗೆ ಒಣ ಬ್ರೆಡ್ಡೇ ಗತಿ. ನೇರ ಟಿನ್ನಿಗೆ ಹಾಕಿ, ಒದ್ದೆ ಕೈಯಲ್ಲಿ ಸಮ ಮಾಡಿ, ಒಂದೇ ಸಲ ಉಬ್ಬಲು ಬಿಡಿ. ಚಳಿಗಾಲದಲ್ಲಿ ಒಂದು ಗಂಟೆ ಬೇಕಾದದ್ದಕ್ಕೆ ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು. ಮೇಲ್ಮೈಯಲ್ಲಿ ಸಣ್ಣ ಸಣ್ಣ ತೂತು ಕಂಡರೆ ಹೊತ್ತು ಮೀರಿದೆ, ಓವನ್‌ನಲ್ಲಿ ನಡು ಕುಸಿಯುತ್ತದೆ. 200 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಒಳಗಿನ ಬಿಸಿ 97 ಡಿಗ್ರಿ ಮುಟ್ಟಬೇಕು. ಪೂರ್ತಿ ಆರದೆ ಕೊಯ್ದರೆ ಚಾಕುವಿಗೆ ಅಂಟು ಮೆತ್ತುತ್ತದೆ, ಆದ್ದರಿಂದ ಹಿಂದಿನ ರಾತ್ರಿಯೇ ಬೇಯಿಸಿಡುವುದು ವಾಸಿ.

ಖಾರಕ್ಕೆ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಜೀರಿಗೆ. ಈರುಳ್ಳಿಯನ್ನು ಹಸಿಯಾಗಿ ಹಾಕಿದರೆ ನೀರು ಬಿಟ್ಟು ಅದರ ಸುತ್ತ ಹಿಟ್ಟು ಬೇಯುವುದಿಲ್ಲ. ಬಾಡಿಸಿ, ಆರಿಸಿ ಹಾಕಿ.

ಇಷ್ಟು ರಗಳೆ ಬೇಡವೆಂದರೆ ಕಡ್ಲೆಹಿಟ್ಟು. 200 ಗ್ರಾಂ ಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಹುರಿದು, 50 ಗ್ರಾಂ ಅಕ್ಕಿಹಿಟ್ಟು, 200 ಗ್ರಾಂ ಹುಳಿ ಮೊಸರು, 100 ಮಿಲಿ ನೀರು, ಎರಡು ಚಮಚ ಎಣ್ಣೆ, ಉಪ್ಪು, ಕೊನೆಗೆ ಅರ್ಧ ಟೀ ಚಮಚ ಸೋಡಾ. 180 ಡಿಗ್ರಿಯಲ್ಲಿ 40 ನಿಮಿಷ. ಅರಿಶಿನ ಹಾಕುವವರು ಸೋಡಾ ಜರಡಿ ಹಿಡಿಯಿರಿ: ಸರಿಯಾಗಿ ಬೆರೆಯದ ಕಡೆ ಕೆಂಪು ಚುಕ್ಕೆ ಏಳುತ್ತದೆ. ರುಚಿ ಜೋಳದ್ದಕ್ಕಿಂತ ಒಂದು ಕೈ ಮೇಲೆ, ಹೊಟ್ಟೆಯೂ ತುಂಬುತ್ತದೆ; ಆದರೆ ತೆಳ್ಳಗೆ ಹೋಳಾಗುವುದಿಲ್ಲ, ಚೌಕ ತುಂಡು ಮಾಡಿ ಕೈಯಲ್ಲೇ ತಿನ್ನಬೇಕು.

ಬುತ್ತಿ ಹಂಚಿಕೊಳ್ಳುವವರಲ್ಲಿ ಸೀಲಿಯಾಕ್ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿದ್ದರೆ ಪಾಕಕ್ಕಿಂತ ಮೊದಲು ಹಿಟ್ಟು ನೋಡಿ. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿಸಿದ ಜೋಳ ಅವರಿಗೆ ಆಗದು. ಪ್ಯಾಕೆಟ್ ಮೇಲೆ ಗ್ಲುಟೆನ್ ಇಲ್ಲವೆಂದು ಬರೆಯಬೇಕಾದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಅಂಥದ್ದನ್ನೇ ಕೊಳ್ಳಿ. ಇಂಗಿನ ಡಬ್ಬಿಯ ಹಿಂಬದಿಯನ್ನೂ ಓದಿ, ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಹಲವು ಸಲ ಗೋಧಿ ಹಿಟ್ಟು ಬೆರೆತಿರುತ್ತದೆ.