ಕಲಬುರಗಿಯ ಒಂದು ಫುಟ್ಬಾಲ್ ಕೋಚಿಂಗ್ ಸೆಂಟರ್: ಆಟ ಕಲಿಸುವುದಕ್ಕೆ ದುಡ್ಡು ಕೊಡಿ, ‘ಕಾಲೇಜು ಪ್ಯಾಕೇಜ್’ಗೆ ಬೇಡ

ಹೆಸರು ಹಾಕುವುದಿಲ್ಲ. ಊರಲ್ಲಿ ಫುಟ್ಬಾಲ್ ಆಡುವ ಮಕ್ಕಳಿರುವ ಮನೆಯವರಿಗೆ ಯಾವ ಸೆಂಟರ್ ಅಂತ ಅರ್ಧ ಓದುವಷ್ಟರಲ್ಲಿ ಗೊತ್ತಾಗುತ್ತೆ. ನನ್ನ ಅಕ್ಕನ ಮಗ ಹೈಸ್ಕೂಲಿನಿಂದ ಪಿಯುಸಿ ಮುಗಿಯುವ ತನಕ ಅಲ್ಲಿ ಕಲಿತ, ಈಗ ಬೆಂಗಳೂರಿನಲ್ಲಿ ಕ್ರೀಡಾ ಕೋಟಾದ ಸೀಟಿನಲ್ಲಿ ಬಿಕಾಂ ಓದುತ್ತಿದ್ದಾನೆ. ಫೀಸು ಕಟ್ಟಿದ್ದು, ಗ್ರೌಂಡಿಗೆ ಬಿಟ್ಟುಬಂದಿದ್ದು, ಕಾಲೇಜಿನವರ ಜೊತೆ ಫೋನಲ್ಲಿ ಮಾತಾಡಿದ್ದು ಎಲ್ಲ ನಾನೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಅಲ್ಲಿ ಎರಡು ಬೇರೆ ಬೇರೆ ವ್ಯವಹಾರ ನಡೆಯುತ್ತವೆ. ಒಂದು, ಬೆಳಗ್ಗೆ ಸಂಜೆ ಆಟ ಕಲಿಸುವುದು. ಇನ್ನೊಂದು, ಪಿಯುಸಿ ಮುಗಿಯುವ ಹೊತ್ತಿಗೆ ಹುಡುಗರನ್ನು ಯಾವುದಾದರೂ ಕಾಲೇಜಿಗೆ ‘ಸೆಟ್’ ಮಾಡಿಕೊಡುವ ಪ್ಯಾಕೇಜ್. ಮೊದಲನೆಯದಕ್ಕೆ ಕಣ್ಣು ಮುಚ್ಚಿ ಸೇರಿಸಬಹುದು. ಎರಡನೆಯದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಮೊದಲು ಕಲಿಸುವುದರ ವಿಷಯ. ಬೆಳಗಿನ ಬ್ಯಾಚ್ ಐದೂವರೆಗೆ ಶುರು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ಏಳೂವರೆ ಆಯಿತು ಅಂದರೆ ಕೋಚ್ ಬಾಲ್ ಎತ್ತಿಟ್ಟುಬಿಡುತ್ತಾರೆ, ಎಷ್ಟು ಕೇಳಿದರೂ ಇನ್ನೊಂದು ಗೋಲ್ ಆಡಿಸುವುದಿಲ್ಲ. ನೀರಿನ ಕ್ಯಾನ್, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಯಾವಾಗಲೂ ಇರುತ್ತೆ. ಇದನ್ನು ನೋಡಿಯೇ ನನಗೆ ಇವರ ಮೇಲೆ ಅರ್ಧ ನಂಬಿಕೆ ಬಂತು.

ಕೋಚ್ ಜಾಸ್ತಿ ಮಾತಿನ ಮನುಷ್ಯ ಅಲ್ಲ. ಆದರೆ ಕಣ್ಣು ಚುರುಕು. ನಮ್ಮ ಹುಡುಗ ಸೇರಿದಾಗ ಎಲ್ಲರ ಹಾಗೆ ಅವನಿಗೂ ಮುಂದೆ ನಿಂತು ಗೋಲ್ ಹೊಡೆಯುವ ಆಸೆ. ಕೆಲವು ವಾರ ಸುಮ್ಮನೆ ನೋಡಿ, ಒಂದು ದಿನ ನನ್ನನ್ನು ಕರೆದು ಹೇಳಿದರು: “ನೋಡ್ರಿ, ಇವಾ ಎಡಗಾಲಿನ ಹುಡ್ಗ ಅದಾನ. ಇಂಥಾವ್ರು ಸಿಗೂದು ಭಾಳ ಕಮ್ಮಿ. ಮುಂದ ಆಡ್ಸೂದು ಬ್ಯಾಡ್ರಿ, ಹಿಂದ ಎಡಕ್ಕ ಹಾಕೂಣು.” ಹುಡುಗ ಮುಖ ಸಣ್ಣ ಮಾಡಿಕೊಂಡ. ಕಾಂಪೌಂಡ್ ಗೋಡೆ ಮೇಲೆ ಸುಣ್ಣದಲ್ಲಿ ಚೌಕ ಚೌಕ ಬರೆದು ನಂಬರ್ ಹಾಕಿದ್ದಾರೆ. ಕೋಚ್ ನಂಬರ್ ಕೂಗುತ್ತಾರೆ, ಓಡುತ್ತಲೇ ಆ ಚೌಕಕ್ಕೆ ಎಡಗಾಲಲ್ಲಿ ಬಾಲ್ ಹೊಡೆಯಬೇಕು, ವಾಪಸ್ ಬಂದ ಬಾಲನ್ನು ನಿಲ್ಲಿಸದೆ ಇನ್ನೊಂದು ಚೌಕಕ್ಕೆ. ತಪ್ಪಿದರೆ ಬೈಗುಳ ಇಲ್ಲ, ಮತ್ತೆ ಅದೇ ನಂಬರ್. ಆ ಗೋಡೆ ಇವತ್ತಿಗೂ ಹಾಗೇ ಇದೆ, ಹೋದರೆ ನೋಡಿ. ಕಾಲೇಜುಗಳಿಗೆ ಮುಂದೆ ಆಡುವವರು ಬೇಕಾದಷ್ಟು ಸಿಗುತ್ತಾರೆ, ಎಡಗಾಲಿನ ಲೆಫ್ಟ್ ಬ್ಯಾಕ್ ಮತ್ತು ಒಳ್ಳೆ ಗೋಲ್ ಕೀಪರ್‌ಗೆ ಹುಡುಕಾಟ ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು.

ಎಲ್ಲಕ್ಕಿಂತ ಒಳ್ಳೆಯದು ಮ್ಯಾಚ್‌ಗಳು. ಪ್ರತಿ ಭಾನುವಾರ ಪೂರ್ತಿ ಮ್ಯಾಚ್ ಆಡಿಸುತ್ತಾರೆ. ಅಷ್ಟೇ ಅಲ್ಲ, ವ್ಯಾನ್ ಮಾಡಿಕೊಂಡು ಸೊಲ್ಲಾಪುರ, ಹೈದರಾಬಾದ್, ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾರೆ. ವ್ಯಾನ್ ಖರ್ಚು ನಮ್ಮದೇ, ಊಟಕ್ಕೆ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಬೇಕು, ಆದರೂ ಕೊಟ್ಟ ದುಡ್ಡಿನಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಕಡೆ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ಫುಟ್ಬಾಲ್ ನಮ್ಮ ಆಟ ಅಲ್ಲ, ಅದು ಕೇರಳದವರದು, ಮಣಿಪುರ, ಮಿಜೋರಾಂನವರದು, ಅವರಿಗೆ ರಕ್ತದಲ್ಲೇ ಬಂದಿರುತ್ತೆ. ರಕ್ತ ಗಿಕ್ತ ಏನೂ ಅಲ್ಲ. 2011ರ ಜನಗಣತಿಯಲ್ಲಿ ಇಡೀ ಮಿಜೋರಾಂ ರಾಜ್ಯದ ಜನಸಂಖ್ಯೆ ಸುಮಾರು 11 ಲಕ್ಷ. ನಮ್ಮ ಕಲಬುರಗಿ ಜಿಲ್ಲೆ ಒಂದರದ್ದೇ 25 ಲಕ್ಷದ ಮೇಲೆ. ಅಷ್ಟು ಚಿಕ್ಕ ರಾಜ್ಯ 2014ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು, ಅಲ್ಲಿನ ಐಜ್ವಾಲ್ ಎಫ್‌ಸಿ ದೇಶದ ಕ್ಲಬ್‌ಗಳು ಆಡುವ ಐ-ಲೀಗನ್ನು 2016-17ರಲ್ಲಿ ಗೆದ್ದು ದೊಡ್ಡ ದೊಡ್ಡ ಕ್ಲಬ್‌ಗಳಿಗೆ ನೀರು ಕುಡಿಸಿತು. 2012ರಲ್ಲಿ ಅವರು ತಮ್ಮದೇ ಪ್ರೀಮಿಯರ್ ಲೀಗ್ ಶುರು ಮಾಡಿದ್ದರು. ಹುಡುಗರಿಗೆ ಆಡಲು ಮ್ಯಾಚ್ ಇತ್ತು, ನೋಡಲು ಜನ ಇದ್ದರು. ಕೇರಳದ ಮಲಪ್ಪುರಂನಲ್ಲಿ ಸೆವೆನ್ಸ್ ಅಂತ ಏಳೇಳು ಜನರ ಆಟಕ್ಕೆ ಗದ್ದೆಯಲ್ಲಿ ಗ್ಯಾಲರಿ ಕಟ್ಟಿ ರಾತ್ರಿ ಲೈಟ್ ಹಾಕಿ ಟೂರ್ನಿ ನಡೆಸುತ್ತಾರೆ. ಅಲ್ಲಿಂದ ಬಂದ ಹುಡುಗರನ್ನು ಕಾಲೇಜುಗಳು ಪೈಪೋಟಿ ಮೇಲೆ ಸೇರಿಸಿಕೊಳ್ಳುತ್ತವೆ, ಕ್ಯಾಲಿಕಟ್ ಯೂನಿವರ್ಸಿಟಿ ಅಂತರ ವಿಶ್ವವಿದ್ಯಾಲಯ ಫುಟ್ಬಾಲಿನಲ್ಲಿ ಎಷ್ಟೋ ಸಲ ಚಾಂಪಿಯನ್ ಆಗಿದೆ.

2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ 21 ಜನರ ತಂಡದಲ್ಲಿ 8 ಹುಡುಗರು ಮಣಿಪುರದವರು. ನಾಯಕ ಅಮರ್ಜಿತ್ ಸಿಂಗ್, ಕೊಲಂಬಿಯಾ ಎದುರು ಭಾರತದ ಮೊದಲ ವಿಶ್ವಕಪ್ ಗೋಲ್ ಹೊಡೆದ ಜೀಕ್ಸನ್ ಸಿಂಗ್, ಇಬ್ಬರೂ ಅಲ್ಲಿಯವರೇ. ಕರ್ನಾಟಕದಿಂದ ಇದ್ದ ಸಂಜೀವ್ ಸ್ಟಾಲಿನ್ ಬೆಂಗಳೂರಿನ ಹುಡುಗ, ಅವನೂ ಕಲಿಯಲು ಚಂಡೀಗಢದ ಅಕಾಡೆಮಿಗೆ ಹೋಗಬೇಕಾಯಿತು.

ಇನ್ನು ನಮ್ಮದೇ ಕಡೆಯ ಮಾತು. 1956ರ ನವೆಂಬರ್ ತನಕ ಕಲಬುರಗಿ, ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ಆ ಹೈದರಾಬಾದಿನ ಸಿಟಿ ಪೊಲೀಸ್ ತಂಡ 1950ರಿಂದ 1954ರ ತನಕ ಬಾಂಬೆಯಲ್ಲಿ ನಡೆಯುತ್ತಿದ್ದ ದೊಡ್ಡ ಟೂರ್ನಿ ರೋವರ್ಸ್ ಕಪ್ಪನ್ನು ಸತತ ಐದು ಸಲ ಗೆದ್ದಿತ್ತು. ಅವರ ಕೋಚ್ ರಹೀಮ್ ಸಾಹೇಬರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ ತಂದರು, 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆಲ್ಲಿಸಿದರು. ಇಷ್ಟು ಹತ್ತಿರ ಅಂಥ ಆಟ ಇದ್ದು ನಮ್ಮ ಕಡೆ ‘ಫುಟ್ಬಾಲ್ ನಮ್ಮದಲ್ಲ’ ಅಂದರೆ ನಾನು ಒಪ್ಪುವುದಿಲ್ಲ.

ಈಗ ಪ್ಯಾಕೇಜ್. ಸೆಂಟರ್ ಆಫೀಸಿನ ಗೋಡೆ ತುಂಬ ಹೆಲ್ಮೆಟ್ ಹಾಕಿದ ಅಮೆರಿಕದ ಕಾಲೇಜು ಆಟಗಾರರ ಪೋಸ್ಟರ್. ‘ಅಮೆರಿಕದ ಹಾಗೆ ಕಾಲೇಜುಗಳೇ ನಿಮ್ಮ ಮಗನನ್ನು ಹುಡುಕಿಕೊಂಡು ಬರುತ್ತವೆ’ ಅಂತ ಕೆಳಗೆ ಬರೆದಿದ್ದಾರೆ. ಅಲ್ಲಿನ ಫುಟ್ಬಾಲೇ ಬೇರೆ, ಕೈಯಲ್ಲಿ ಹಿಡಿದು ಓಡುವ ಆಟ. ಅದು ಹೋಗಲಿ, ಕಾಲೇಜುಗಳು ಹುಡುಕಿಕೊಂಡು ಬರುವುದು ಮಾತ್ರ ನಿಜ. ಆದರೆ ಯಾಕೆ ಬರುತ್ತವೆ? ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾದಲ್ಲಿ ಹೈಸ್ಕೂಲ್ ಹುಡುಗರ ಆಟಕ್ಕೇ ಊರಿಗೆ ಊರೇ ಸೇರುತ್ತೆ. ಟೆಕ್ಸಾಸ್‌ನ ಅಲೆನ್ ಅನ್ನುವ ಊರಿನಲ್ಲಿ 2012ರಲ್ಲಿ ಒಂದು ಹೈಸ್ಕೂಲಿಗೆ ಅಂತಲೇ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು, ಖರ್ಚು ಸುಮಾರು 6 ಕೋಟಿ ಡಾಲರ್. ಟೆಕ್ಸಾಸ್‌ನ ಹೈಸ್ಕೂಲ್ ತಂಡ ಸಾಮಾನ್ಯವಾಗಿ ಒಂದು ಸೀಸನ್ನಿನಲ್ಲಿ ಹತ್ತು ಮ್ಯಾಚ್ ಆಡುತ್ತೆ, ಮುಂದಿನ ಸುತ್ತಿಗೆ ಹೋದರೆ ಇನ್ನೂ ಜಾಸ್ತಿ. ಕಾಲೇಜು ಕೋಚ್ ಬಂದರೆ ನೋಡಲು ಅಲ್ಲಿ ಆಟ ಇರುತ್ತೆ.

ಅಲ್ಲಿ ಹುಡುಗರಿಗಾಗಿ ಕಾಲೇಜುಗಳ ನಡುವೆ ನಡೆಯುವ ಜಗ್ಗಾಟವೂ ಹಾಗೇ ಬಹಿರಂಗ. ಟ್ರಾವಿಸ್ ಹಂಟರ್ ಅಂತ ಜಾರ್ಜಿಯಾದ ಹುಡುಗ, ದೇಶದ ನಂಬರ್ ಒನ್ ಅಂತ ಹೆಸರಾದವನು, ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಗೆ ಮಾತು ಕೊಟ್ಟಿದ್ದ. 2021ರ ಡಿಸೆಂಬರ್‌ನಲ್ಲಿ ಸಹಿ ಹಾಕುವ ದಿನ ಜಾಕ್ಸನ್ ಸ್ಟೇಟ್ ಅನ್ನುವ ಚಿಕ್ಕ ಕಾಲೇಜಿನ ಟೋಪಿ ಹಾಕಿಕೊಂಡು ಅಲ್ಲಿಗೇ ಸೇರಿಬಿಟ್ಟ. ಮುಂದೆ ಕೊಲೊರಾಡೊಗೆ ಹೋಗಿ 2024ರಲ್ಲಿ ಅಲ್ಲಿನ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಹುಡುಗ ಬಾಯಲ್ಲಿ ಹೇಳಿದ್ದು ಏನೇ ಇರಲಿ, ಸಹಿ ಹಾಕಿದ್ದೇ ಲೆಕ್ಕ. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಪ್ಯಾಕೇಜಿನವನು ಒಂದೇ ಒಂದು ಕಾಗದ ತೋರಿಸಲಿಲ್ಲ.

ಕೋಚ್‌ಗೂ ಪ್ಯಾಕೇಜಿಗೂ ಸಂಬಂಧ ಇಲ್ಲ, ಅದನ್ನು ನೋಡಿಕೊಳ್ಳುವವನೇ ಬೇರೆ. 35,000 ರೂಪಾಯಿ. ಅದರಲ್ಲಿ ನಾಲ್ಕು ನಿಮಿಷದ ಒಂದು ವಿಡಿಯೋ, ಒಂದು ‘ಪ್ರೊಫೈಲ್’, ಕಾಲೇಜುಗಳಿಗೆ ಫೋನ್. ವಿಡಿಯೋ ನೋಡಲು ಚಂದ, ಹಾಡು, ಸ್ಲೋ ಮೋಷನ್ ಎಲ್ಲ ಇದೆ. ಕರಾವಳಿಯ ಒಂದು ಕಾಲೇಜಿನ ಕೋಚ್‌ಗೆ ಕಳಿಸಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಪೂರ್ತಿ ಮ್ಯಾಚಿನದು ಇದ್ಯಾ?” ಬಾಲ್ ಕಾಲಲ್ಲಿ ಇಲ್ಲದಾಗ ಹುಡುಗ ಎಲ್ಲಿ ನಿಲ್ಲುತ್ತಾನೆ, ಬಾಲ್ ಕಳಕೊಂಡ ಮೇಲೆ ಎಷ್ಟು ಬೇಗ ವಾಪಸ್ ಓಡುತ್ತಾನೆ, ಅದು ಅವರಿಗೆ ಬೇಕು. ಆ ವಿಡಿಯೋದಲ್ಲಿ ಅದೇ ಇಲ್ಲ. ಭಾನುವಾರದ ಮ್ಯಾಚನ್ನು ಗೇಟ್ ಮೇಲೆ ಮೊಬೈಲ್ ಕಟ್ಟಿ ನಾನು ಮಾಡಿದ ರೆಕಾರ್ಡಿಂಗ್ ಕಳಿಸಿದೆ, ಅದನ್ನೇ ಅವರು ನೋಡಿದ್ದು.

ಆ ಹೊತ್ತಿಗೆ ಹುಬ್ಬಳ್ಳಿಯ ಟೂರ್ನಿಯಲ್ಲಿ ಇವನ ಆಟ ನೋಡಿದ್ದ ಬೆಂಗಳೂರಿನ ಕಾಲೇಜೊಂದು ತಾನಾಗಿಯೇ ನಮ್ಮ ಸೆಂಟರ್‌ನ ಕೋಚ್‌ಗೆ ಫೋನ್ ಮಾಡಿತ್ತು. ಆಮೇಲೆ ಎರಡು ವಾರ ನಮ್ಮ ಮನೆಯಲ್ಲಿ ಫೋನ್ ನಿಲ್ಲಲಿಲ್ಲ. ಕರಾವಳಿಯವರು ಮೂರೂ ವರ್ಷ ಫೀಸು, ಹಾಸ್ಟೆಲ್, ಊಟ ಎಲ್ಲ ಫ್ರೀ ಅಂದರು. ಬೆಂಗಳೂರಿನವರು ಮೊದಲು ಅರ್ಧ ಫೀಸು ಅಂದರು, ಆಮೇಲೆ ಹಾಸ್ಟೆಲ್ ಸೇರಿಸಿದರು, ಅದಾದ ಮೇಲೆ ಪೂರ್ತಿ ಫೀಸು ಅಂದರು. ಅಕ್ಕನಿಗೆ ಗಾಬರಿ. “ಇಷ್ಟ್ಯಾಕ ಕೊಡ್ತಾರೋ ತಮ್ಮಾ, ಏನರ ಮೋಸ ಇದ್ದೀತು ನೋಡು” ಅಂತ ದಿನಾ ಕೇಳುತ್ತಿದ್ದಳು. ಈ ನಡುವೆ ಪ್ಯಾಕೇಜಿನವನು ಮೂರನೇ ಒಂದು ಕಾಲೇಜಿನ ಹೆಸರು ಹಿಡಿದುಕೊಂಡು ಬಂದ. ಅಲ್ಲೇ ಸೇರಿಸಿ, ನಾಳೆಯೇ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಅಂತ ಒತ್ತಾಯ. ಆ ಕಾಲೇಜಿಗೆ ಸ್ವಂತ ಗ್ರೌಂಡ್ ಇಲ್ಲ, ತಂಡ ಆಡುವುದು ಅಂತರ ಕಾಲೇಜು ಪಂದ್ಯ ಮಾತ್ರ. ಗಟ್ಟಿಯಾಗಿ ಕೇಳಿದ ಮೇಲೆ, ಒಬ್ಬ ಹುಡುಗನನ್ನು ಸೇರಿಸಿದರೆ ಕಾಲೇಜಿನಿಂದ ತನಗೆ ಕಮಿಷನ್ ಬರುತ್ತೆ ಅಂತ ಒಪ್ಪಿಕೊಂಡ. ನಮ್ಮ ಹತ್ತಿರವೂ ದುಡ್ಡು, ಅವರ ಹತ್ತಿರವೂ ದುಡ್ಡು. ಹದಿನೇಳು ವರ್ಷದ ಹುಡುಗನ ಮೂರು ವರ್ಷ ಇದು, ಯಾರಿಗೆ ಜಾಸ್ತಿ ಕಮಿಷನ್ ಅನ್ನುವುದರ ಮೇಲೆ ನಿರ್ಧಾರ ಆಗಬಾರದು. 35,000 ವಾಪಸ್ ಕೇಳಿದೆ, ಬಂದಿಲ್ಲ.

ಕೊನೆಗೆ ಬೆಂಗಳೂರು ಆಯ್ಕೆ ಮಾಡಿದೆವು. ಕಾರಣ ಒಂದೇ, ಅಲ್ಲಿ ಕಾಲೇಜು ತಂಡದ ಜೊತೆಗೆ ಕ್ಲಬ್ ಪರವಾಗಿಯೂ ಆಡಬಹುದು. ಕೆಳಗಿನ ಸಿ ಡಿವಿಷನ್‌ನಿಂದ ಎಲ್ಲಕ್ಕಿಂತ ಮೇಲಿನ ಸೂಪರ್ ಡಿವಿಷನ್ ತನಕ ಲೀಗ್ ಇದೆ, ವಾರ ವಾರ ಮ್ಯಾಚ್. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅಂಥ ತಂಡದ ಕಣ್ಣಿಗೆ ಬೀಳಬೇಕು ಅಂದರೆ ಆ ಲೀಗಿನಲ್ಲಿ ಆಡುತ್ತಿರಬೇಕು. ಕರಾವಳಿಯ ಕಾಲೇಜೂ ಒಳ್ಳೆಯದೇ, ಕ್ರೀಡೆಯ ಮಕ್ಕಳನ್ನು ದತ್ತು ತೆಗೆದುಕೊಂಡು ಓದಿಸುವುದರಲ್ಲಿ ಆ ಕಡೆಯವರ ಮನಸ್ಸು ದೊಡ್ಡದು. ಅಥ್ಲೆಟಿಕ್ಸ್ ಅಥವಾ ಕಬಡ್ಡಿ ಆಗಿದ್ದರೆ ನಾನು ಎರಡನೇ ಮಾತಿಲ್ಲದೆ ಅಲ್ಲಿಗೇ ಕಳಿಸುತ್ತಿದ್ದೆ.

ಕಾಲೇಜಿನವರು ಏನು ಕೊಡುತ್ತೇವೆ ಅನ್ನುತ್ತಾರೋ ಅದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಫೀಸು ಮೂರೂ ವರ್ಷಕ್ಕಾ, ಮೊದಲ ವರ್ಷಕ್ಕೆ ಮಾತ್ರವಾ? ಮೊಣಕಾಲಿಗೆ ಪೆಟ್ಟಾಗಿ ಒಂದು ವರ್ಷ ಆಡಲಾಗದಿದ್ದರೆ ಹಾಸ್ಟೆಲ್ ಇರುತ್ತಾ? ಕೇಳಲು ಸಂಕೋಚ ಬೇಡ, ಒಳ್ಳೆ ಕಾಲೇಜಿನವರು ನೆಟ್ಟಗೆ ಉತ್ತರ ಕೊಡುತ್ತಾರೆ. ಇನ್ನೊಂದು, ಕ್ರೀಡಾ ಸರ್ಟಿಫಿಕೇಟ್ ಒಂದಿದ್ದರೆ ಸಾಕು ಅಂತ ಪ್ಯಾಕೇಜಿನವನು ಹೇಳಿದ್ದ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗಿರುವ ಮೀಸಲಾತಿ ಬೇಕಾದರೆ 371(ಜೆ) ಅರ್ಹತಾ ಪ್ರಮಾಣಪತ್ರವೂ ಇರಬೇಕು, ಅಸಿಸ್ಟೆಂಟ್ ಕಮಿಷನರ್ ಆಫೀಸಿನಿಂದ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ನಾಳೆ ಸಿಇಟಿ ಕಡೆ ಹೋಗುವುದಾದರೂ ಆ ಮೀಸಲಾತಿಗೆ ಅದು ಬೇಕೇ ಬೇಕು. ಎಐಎಫ್‌ಎಫ್ (ಅಖಿಲ ಭಾರತ ಫುಟ್ಬಾಲ್ ಒಕ್ಕೂಟ) ನೋಂದಣಿಯಲ್ಲಿ ಹುಟ್ಟಿದ ದಿನ ಆಧಾರ್, ಮಾರ್ಕ್ಸ್ ಕಾರ್ಡ್ ಎರಡರಲ್ಲೂ ಇರುವುದೇ ಇರಬೇಕು, ಇಲ್ಲದಿದ್ದರೆ ವಯಸ್ಸಿನ ವಿಷಯದಲ್ಲಿ ಒದ್ದಾಡುತ್ತೀರಿ.

ಸೆಂಟರ್‌ನ ಉಳಿದ ಸಂಗತಿ ಬೇಗ ಹೇಳಿಬಿಡುತ್ತೇನೆ. ತಿಂಗಳಿಗೆ 1,200 ರೂಪಾಯಿ, ಒಂದೇ ಮನೆಯ ಇಬ್ಬರಾದರೆ ಕಡಿಮೆ ಮಾಡುತ್ತಾರೆ. ಗ್ರೌಂಡ್ ಎರೆಮಣ್ಣು, ಮಳೆ ಬಿದ್ದರೆ ಎರಡು ದಿನ ಕಾಲಿಡಲು ಆಗುವುದಿಲ್ಲ, ಒಣಗಿದ ಮೇಲೆ ಬಿರುಕು ಬಿಡುತ್ತೆ, ಪಾದ ತಿರುಚಿಕೊಳ್ಳುವ ಭಯ ಇದೆ. ಒಂದು ಟ್ರಾಲಿ ಕೆಂಪು ಮೊರಂ ಹಾಕಿಸಿ ಅಂತ ಎಷ್ಟೋ ಪೋಷಕರು ಕೇಳಿದ್ದಾರೆ. ಗೋಲ್ ಕೀಪರ್‌ಗೆ ಬೇರೆ ಕೋಚ್ ಇಲ್ಲ, ಅದು ದೊಡ್ಡ ಕೊರತೆ. ಶಹಾಪುರ, ಚಿತ್ತಾಪುರದಿಂದ ಬರುವ ಹುಡುಗರಿಗೆ ಉಳಿಯಲು ವ್ಯವಸ್ಥೆ ಇಲ್ಲ, ಬಸ್ಸಲ್ಲೇ ಓಡಾಡುತ್ತಾರೆ, ಪಾಪ.

ಹುಡುಗಿಯರ ಬ್ಯಾಚ್ ಸಂಜೆ ನಾಲ್ಕೂವರೆಗೆ. ಅದನ್ನು ನಡೆಸುವ ಮೇಡಂ ಹಿಂದೆ ಯೂನಿವರ್ಸಿಟಿ ತಂಡದಲ್ಲಿ ಆಡಿದವರು, ಕಲಿಸುವುದರಲ್ಲಿ ಹುಡುಗರ ಬ್ಯಾಚಿಗಿಂತ ಒಂದು ಕೈ ಮೇಲೆ. ಈಗ ಎಂಟು ಹುಡುಗಿಯರಿದ್ದಾರೆ, ಭಾನುವಾರದ ಮ್ಯಾಚಿಗೆ ಹನ್ನೊಂದು ಜನ ಆಗುತ್ತಿಲ್ಲ. ನಿಮ್ಮ ಮನೆಯಲ್ಲಿ ಆಡುವ ಹುಡುಗಿ ಇದ್ದರೆ ಈ ತಿಂಗಳೇ ಕಳಿಸಿ, ಮೊದಲ ವಾರ ಫೀಸು ತೆಗೆದುಕೊಳ್ಳುವುದಿಲ್ಲ.